ನೇರಳಾತೀತ ಚಿತ್ರಕ್ಕೆ ನೆಲದ ಟೆಲಿಸ್ಕೋಪ್ ಜೊತೆ ಯಾಕೆ ಬೇಕು?

2005ರಲ್ಲಿ ನಾಸಾದ ನೇರಳಾತೀತ ಉಪಗ್ರಹ ಗ್ಯಾಲೆಕ್ಸ್ ತೆಗೆದ ಚಿತ್ರಗಳು ಎಂ83 ಗ್ಯಾಲಕ್ಸಿಯ ಬಗ್ಗೆ ಒಂದು ಅಚ್ಚರಿಯ ಸಂಗತಿ ತಿಳಿಸಿದವು. ಗ್ಯಾಲಕ್ಸಿಯ ಹೊಳೆಯುವ ತಟ್ಟೆ ಮುಗಿದ ಮೇಲೂ, ಬಹಳ ದೂರದವರೆಗೆ ನೇರಳಾತೀತ ಚುಕ್ಕೆಗಳು ಹರಡಿದ್ದವು. ಅಷ್ಟು ಹೊರಗೆ ನಕ್ಷತ್ರಗಳು ಹುಟ್ಟುತ್ತಿವೆ ಅನ್ನುವುದಕ್ಕೆ ಅದು ಗುರುತು. ಆದರೆ ನೆಲದಿಂದ ತೆಗೆದ ಎಚ್-ಆಲ್ಫಾ ಚಿತ್ರಗಳಲ್ಲಿ ತಟ್ಟೆಯ ಅಂಚಿಗೇ ಹೊಳಪು ಥಟ್ಟನೆ ಕುಸಿದಿತ್ತು. ಎರಡರಲ್ಲಿ ಯಾವುದನ್ನು ನಂಬಬೇಕು?

ಎರಡನ್ನೂ. ಎಚ್-ಆಲ್ಫಾ ಅಂದರೆ 656.3 ನ್ಯಾನೊಮೀಟರಿನ ಕೆಂಪು ಬೆಳಕು. ತುಂಬಾ ಭಾರದ ನಕ್ಷತ್ರಗಳು ಸುತ್ತಲಿನ ಹೈಡ್ರೋಜನ್ ಅನಿಲವನ್ನು ಅಯಾನೀಕರಿಸಿದಾಗ, ಅಂದರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತಾಗ, ಅದು ಹೊಮ್ಮುತ್ತದೆ. ಅಂಥ ನಕ್ಷತ್ರಗಳು ಸುಮಾರು 1 ಕೋಟಿ ವರ್ಷದೊಳಗೆ ಮುಗಿದುಹೋಗುತ್ತವೆ. ನೇರಳಾತೀತ ಬೆಳಕು ಸ್ವಲ್ಪ ಕಡಿಮೆ ಭಾರದ ನಕ್ಷತ್ರಗಳಿಂದಲೂ ಬರುತ್ತದೆ, ಹಾಗಾಗಿ ಸುಮಾರು 10 ಕೋಟಿ ವರ್ಷದವರೆಗೆ ಕಾಣುತ್ತದೆ. ನೇರಳಾತೀತ ಇದ್ದು ಎಚ್-ಆಲ್ಫಾ ಇಲ್ಲದಿದ್ದರೆ ಅಲ್ಲಿನ ನಕ್ಷತ್ರಗಳ ಗುಂಪಿಗೆ ಸ್ವಲ್ಪ ವಯಸ್ಸಾಗಿರಬಹುದು. ಅಥವಾ ಗುಂಪು ತೀರಾ ಚಿಕ್ಕದಾಗಿದ್ದು, ಭಾರದ ನಕ್ಷತ್ರ ಅದರಲ್ಲಿ ಹುಟ್ಟಿಯೇ ಇರಲಿಕ್ಕಿಲ್ಲ. ಎಚ್-ಆಲ್ಫಾ ಜೋರಾಗಿದ್ದು ನೇರಳಾತೀತ ಮಂಕಾಗಿದ್ದರೆ ನನಗೆ ಮೊದಲು ಧೂಳಿನ ಮೇಲೆ ಅನುಮಾನ. ನೇರಳಾತೀತ ಬೆಳಕನ್ನು ಧೂಳು ಜಾಸ್ತಿ ತಡೆಯುತ್ತದೆ.

ಸುಮಾರು 300 ನ್ಯಾನೊಮೀಟರಿಗಿಂತ ಚಿಕ್ಕ ಅಲೆಗಳನ್ನು ಓಝೋನ್ ಪದರ ನೆಲಕ್ಕೆ ಬಿಡುವುದಿಲ್ಲ. ಅದಕ್ಕೇ ಉಪಗ್ರಹ ಬೇಕು. ಆದರೆ ಗ್ಯಾಲೆಕ್ಸ್‌ನ ಕನ್ನಡಿ 50 ಸೆಂಟಿಮೀಟರ್ ಅಷ್ಟೇ, ಚಿತ್ರದ ಸೂಕ್ಷ್ಮತೆ ಸುಮಾರು 5 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ; ಸಂಖ್ಯೆ ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ). ಅದರಲ್ಲಿ ಕಾಣುವ ಒಂದು ನೀಲಿ ಮಚ್ಚೆ ಆ ಗ್ಯಾಲಕ್ಸಿಯ ಎಳೆಯ ನಕ್ಷತ್ರಗಳ ಗುಂಪೇ ಆಗಿರಬೇಕಿಲ್ಲ. ನಮ್ಮ ಆಕಾಶಗಂಗೆಯ ಬಿಸಿ ಶ್ವೇತಕುಬ್ಜ (ಸತ್ತ ನಕ್ಷತ್ರದ ಉಳಿಕೆ) ಇರಬಹುದು, ಹಿಂದೆ ಬಹು ದೂರದ ಕ್ವೇಸಾರ್ (ತೀರಾ ಹೊಳೆಯುವ ಗ್ಯಾಲಕ್ಸಿ ಕೇಂದ್ರ) ಇರಬಹುದು. ಒಳ್ಳೆಯ ರಾತ್ರಿಯಲ್ಲಿ ನೆಲದ ಟೆಲಿಸ್ಕೋಪ್ 1 ಆರ್ಕ್‌ಸೆಕೆಂಡಿನ ಆಸುಪಾಸಿನ ಸೂಕ್ಷ್ಮತೆ ಕೊಡುತ್ತದೆ. ಒಂದೇ ಮಚ್ಚೆ ಎಂದುಕೊಂಡದ್ದು ಎಷ್ಟೋ ಸಲ ಅಲ್ಲಿ ಎರಡು ಮೂರಾಗಿ ಬಿಡಿಸಿಕೊಳ್ಳುತ್ತದೆ. 2015ರಲ್ಲಿ ಹಾರಿದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ಟೆಲಿಸ್ಕೋಪ್ ಯುವಿಐಟಿ 1.5 ಆರ್ಕ್‌ಸೆಕೆಂಡಿಗಿಂತ ಸೂಕ್ಷ್ಮವಾಗಿ ನೋಡುತ್ತದೆ. ಆದರೂ ಮಚ್ಚೆ ಏನೆಂದು ಗುರುತಿಸಲು ಬೇರೆ ಬಣ್ಣಗಳ ಅಳತೆ ಬೇಕೇ ಬೇಕು.

ಎಚ್-ಆಲ್ಫಾ ಫಿಲ್ಟರಿನಲ್ಲಿ ತೆಗೆದ ಚಿತ್ರವನ್ನು ಸುಮ್ನೆ ಹಾಗೇ ಬಳಸಲು ಬರುವುದಿಲ್ಲ. ಅದರಲ್ಲಿ ನಕ್ಷತ್ರಗಳ ಮಾಮೂಲಿ ಬೆಳಕೂ ಸೇರಿರುತ್ತದೆ. ಕೆಂಪು ಬೆಳಕಿನ ಅಗಲ ಪಟ್ಟಿಯನ್ನೇ ಬಿಡುವ ಆರ್ ಫಿಲ್ಟರಿನಲ್ಲಿ ಇನ್ನೊಂದು ಚಿತ್ರ ತೆಗೆದು, ಹೊಳಪು ಸರಿಹೊಂದಿಸಿ, ಕಳೆಯಬೇಕು. ಇಲ್ಲಿ ಸ್ವಲ್ಪ ಲೆಕ್ಕ ತಪ್ಪಿದರೂ ಗ್ಯಾಲಕ್ಸಿಯ ಹೊರಭಾಗದ ಮಂಕು ಬೆಳಕೇ ಮಾಯ. ಎಂ83ರಂಥ ಪ್ರಶ್ನೆಗಳಲ್ಲಿ ನಮಗೆ ಬೇಕಾದದ್ದು ಅದೇ ಅಲ್ವಾ? ಆಮೇಲೆ ನೆಲದ ಚಿತ್ರವನ್ನು ಉಪಗ್ರಹದ ಚಿತ್ರದಷ್ಟೇ ಮಸುಕು ಮಾಡಬೇಕು. ಕಷ್ಟಪಟ್ಟು ಪಡೆದ ಸೂಕ್ಷ್ಮತೆಯನ್ನು ಬಿಟ್ಟುಕೊಡಲು ವಿದ್ಯಾರ್ಥಿಗಳಿಗೆ ಮನಸ್ಸಾಗುವುದಿಲ್ಲ. ಆದರೆ ಎರಡೂ ಚಿತ್ರಗಳಲ್ಲಿ ಒಂದೇ ಜಾಗದ ಬೆಳಕನ್ನು ಅಳೆಯದಿದ್ದರೆ, ಅವುಗಳ ಹೋಲಿಕೆಯಿಂದ ಬರುವ ಗುಂಪಿನ ವಯಸ್ಸು ತಪ್ಪೇ. ಸೂಕ್ಷ್ಮ ಚಿತ್ರವನ್ನು ಮಚ್ಚೆ ಗುರುತಿಸಲು ಇಟ್ಟುಕೊಳ್ಳಿ, ಮಸುಕು ಮಾಡಿದ್ದನ್ನು ಅಳತೆಗೆ ಬಳಸಿ.

ಇಂಥ ಕೆಲಸಕ್ಕೆ ದೈತ್ಯ ಕನ್ನಡಿಯೇ ಬೇಕೆಂದಿಲ್ಲ. ಒಂದೆರಡು ಮೀಟರಿನ ಟೆಲಿಸ್ಕೋಪನ್ನು ಒಂದೇ ಗ್ಯಾಲಕ್ಸಿಯ ಮೇಲೆ, ಚಂದ್ರನಿಲ್ಲದ ರಾತ್ರಿಗಳಲ್ಲಿ, ಗಂಟೆಗಟ್ಟಲೆ ನಿಲ್ಲಿಸಲು ಸಮಯ ಸಿಕ್ಕರೆ ಸಾಕು.