69 ಬೈಟ್‌ಗಳ ಗಾದೆ

ಹೊಸ ಲ್ಯಾಪ್‌ಟಾಪ್ ಕೊಂಡು, ಹಳೆಯದರಿಂದ ಕಡತಗಳನ್ನೆಲ್ಲ ನಕಲು ಮಾಡಿಕೊಂಡ ರಾತ್ರಿ. ‘ಮನೆ’ ಎಂಬ ಕಡತ ತೆರೆದು, ‘ಬ್ಯಾಂಕ್ ಲಾಕರ್’ ಎಂಬ ತಲೆಬರಹದ ಮೇಲೆ ಕರ್ಸರ್ ಇಟ್ಟು, ಒಳಗಿರುವುದನ್ನು ಬಿಚ್ಚು ಅಂತ ಆಜ್ಞೆ ಕೊಟ್ಟೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಪರದೆಯ ತಳದಲ್ಲಿ ‘ಡಿಕ್ರಿಪ್ಷನ್ ಫೇಲ್ಡ್’ ಎಂದು ಬಂತು. ಬೆರಳು ತಪ್ಪಿರಬೇಕು ಅಂದುಕೊಂಡು ಮತ್ತೆ ಕೊಟ್ಟೆ. ಮೂರನೇ ಸಲ ಒಂದೊಂದೇ ಅಕ್ಷರ ನೋಡಿಕೊಂಡು ಕೊಟ್ಟೆ. ಅದೇ ಉತ್ತರ. ಮರೆತಿದ್ದೇನೆ ಅನ್ನೋಣವೆಂದರೆ ಅದು ಮರೆಯುವಂಥ ಪಾಸ್‌ವರ್ಡೇ ಅಲ್ಲ, ಎಲ್ಲರಿಗೂ ಗೊತ್ತಿರುವ ಒಂದು ಗಾದೆ.

ದಿನಚರಿ, ಮಾಡಬೇಕಾದ ಕೆಲಸಗಳ ಪಟ್ಟಿ, ಹಾಲಿನ ಲೆಕ್ಕ ಎಲ್ಲವನ್ನೂ ನಾನು ಬರೆದಿಡುವುದು ಇಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್‌ನಲ್ಲಿ. ಈಗ ಬಳಕೆಯಲ್ಲಿರುವ ಗ್ನೂ ಇಮ್ಯಾಕ್ಸನ್ನು ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಹೊರತಂದರು. ಅದರೊಳಗೆ ಆರ್ಗ್ ಮೋಡ್ ಅಂತ ಒಂದು ವ್ಯವಸ್ಥೆಯಿದೆ; ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಕಾರ್ಸ್ಟೆನ್ ಡೊಮಿನಿಕ್ 2003ರಲ್ಲಿ ತಮ್ಮ ಟಿಪ್ಪಣಿಗಳನ್ನು ಅಡಕವಾಗಿ ಇಟ್ಟುಕೊಳ್ಳಲೆಂದು ಶುರು ಮಾಡಿದ್ದು. ಸಾಲಿನ ಮೊದಲಿಗೆ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ತಲೆಬರಹ, ಎರಡು ಹಾಕಿದರೆ ಅದರ ಕೆಳಗಿನ ಉಪತಲೆಬರಹ. (ಖಗೋಳದವರು ನಕ್ಷತ್ರ ಹಿಡಿದದ್ದು ಬೇಕೆಂದೇ ಅಲ್ಲ, ಇಮ್ಯಾಕ್ಸ್‌ನಲ್ಲಿ ಆ ಪದ್ಧತಿ ಮೊದಲೇ ಇತ್ತು.) ಕಡತ ಬರೀ ಪಠ್ಯ. ಯಾವ ಕಂಪನಿ ಮುಚ್ಚಿಹೋದರೂ, ಯಾವ ಆ್ಯಪ್ ನಿಂತುಹೋದರೂ ನೋಟ್‌ಪ್ಯಾಡ್‌ನಲ್ಲಾದರೂ ತೆರೆದು ಓದಬಹುದು. ಆ ಗುಣವೇ ದೋಷವೂ ಹೌದು, ಯಾರು ಬೇಕಾದರೂ ತೆರೆದು ಓದಬಹುದಲ್ಲ. ಅದಕ್ಕೇ ಆರ್ಗ್-ಕ್ರಿಪ್ಟ್ ಎಂಬ ಸಣ್ಣ ಜೋಡಣೆ ಇದೆ. ತಲೆಬರಹಕ್ಕೆ ‘ಕ್ರಿಪ್ಟ್’ ಎಂಬ ಟ್ಯಾಗ್ ಅಂಟಿಸಿದರೆ, ಕಡತ ಉಳಿಸುವಾಗ ಆ ತಲೆಬರಹದ ಕೆಳಗಿರುವುದಷ್ಟೂ ಗೂಢಲಿಪಿಯಾಗುತ್ತದೆ. ಉಳಿದ ಕಡತ ಹಾಗೇ ಇರುತ್ತದೆ.

ಮುಚ್ಚಿದ ಟಿಪ್ಪಣಿ ನೋಡಲು ಹೀಗಿರುತ್ತದೆ: ಮೇಲೆ ‘ಬಿಗಿನ್ ಪಿಜಿಪಿ ಮೆಸೇಜ್’ ಎಂಬ ಸಾಲು, ಕೆಳಗೆ ‘ಎಂಡ್ ಪಿಜಿಪಿ ಮೆಸೇಜ್’, ನಡುವೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಸಾಲುಗಳು, ಸಾಲಿಗೆ 64ರಂತೆ. ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರಗಳಾಗಿ ಬರೆಯುವ ಪದ್ಧತಿ ಅದು. ಒಂದು ಸಾಲಿನಲ್ಲಿ 48 ಬೈಟ್ ಹಿಡಿಯುತ್ತದೆ. ತಲೆಬರಹ ಮಾತ್ರ ಮುಚ್ಚಿಕೊಳ್ಳುವುದಿಲ್ಲ. ‘ಬ್ಯಾಂಕ್ ಲಾಕರ್’ ಎಂದು ಬರೆದು ಒಳಗೆ ಬೀಗ ಹಾಕಿದರೆ, ಲಾಕರ್ ಇದೆ ಎಂಬ ಸಂಗತಿಯಂತೂ ಊರಿಗೆಲ್ಲ ಗೊತ್ತಾದ ಹಾಗೆ. ಇದು ಕೈಪಿಡಿಯಲ್ಲೇ ಬರೆದಿರುವ ಮಾತು, ಆದರೂ ಹೊಸಬರು ಅರ್ಧ ಗುಟ್ಟನ್ನು ತಲೆಬರಹದಲ್ಲೇ ಬರೆದುಬಿಡುತ್ತಾರೆ. ನಾನೂ ಬರೆದಿದ್ದೆ.

ಬೀಗ ಹಾಕುವ ಕೆಲಸ ಆರ್ಗ್‌ನದೂ ಅಲ್ಲ, ಇಮ್ಯಾಕ್ಸ್‌ನದೂ ಅಲ್ಲ. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ತಂತ್ರಾಂಶ ಹೊರಬಿಟ್ಟರು. ಬಲವಾದ ಗೂಢಲಿಪಿಯನ್ನು ಅಮೆರಿಕ ಆಗ ಯುದ್ಧಸಾಮಗ್ರಿಯ ಪಟ್ಟಿಯಲ್ಲಿಟ್ಟಿತ್ತು. ರಫ್ತು ಕಾನೂನು ಮುರಿದರೇ ಎಂದು ಅವರ ಮೇಲೆ ತನಿಖೆ ನಡೆದು 1996ರಲ್ಲಿ ಕೈಬಿಟ್ಟರು. ಅದೇ ಪದ್ಧತಿಯನ್ನು ಎಲ್ಲರೂ ಬಳಸುವಂತೆ ಜರ್ಮನಿಯ ವರ್ನರ್ ಕಾಖ್ ಬರೆದ ತಂತ್ರಾಂಶ ಗ್ನೂಪಿಜಿ (ಚಿಕ್ಕದಾಗಿ ಜಿಪಿಜಿ), ಅದರ 1.0 ಆವೃತ್ತಿ 1999ರಲ್ಲಿ ಬಂತು. ನನ್ನ ಲಾಕರ್ ಟಿಪ್ಪಣಿ ತೆರೆಯಬೇಕಾದರೆ ಕೆಲಸ ಕೈಯಿಂದ ಕೈಗೆ ದಾಟುತ್ತದೆ: ಆರ್ಗ್-ಕ್ರಿಪ್ಟ್ ಪಠ್ಯವನ್ನು ಇಮ್ಯಾಕ್ಸ್‌ನ ಮಧ್ಯವರ್ತಿ ಈಸಿಪಿಜಿಗೆ ಕೊಡುತ್ತದೆ, ಅದು ಜಿಪಿಜಿಯನ್ನು ಕರೆಯುತ್ತದೆ, ಜಿಪಿಜಿ ತನ್ನ ಏಜೆಂಟ್ ಎಂಬ ಹಿನ್ನೆಲೆಯ ಆಳನ್ನು ಎಬ್ಬಿಸುತ್ತದೆ, ಏಜೆಂಟ್ ಪಿನ್‌ಎಂಟ್ರಿ ಎಂಬ ಪುಟ್ಟ ಕಿಟಕಿ ತೆರೆದು ‘ಪಾಸ್‌ವರ್ಡ್ ಕೊಡಿ’ ಅನ್ನುತ್ತದೆ. ಐದು ಕೈ. ಟಿಪ್ಪಣಿ ತೆರೆಯದಿದ್ದಾಗ ಕಡತ ಕೆಟ್ಟಿದೆ, ಗೂಢಲಿಪಿ ಕೆಟ್ಟಿದೆ ಎಂದು ಎದೆ ಒಡೆದುಕೊಳ್ಳುತ್ತೇವೆ. ನಾನು ಕಂಡಷ್ಟರಲ್ಲಿ ಗಣಿತ ಒಮ್ಮೆಯೂ ಕೆಟ್ಟಿಲ್ಲ, ಕೆಡುವುದೆಲ್ಲ ಈ ಕೈ ಬದಲಾಗುವ ಜಾಗಗಳಲ್ಲಿ.

ಕಿಟಕಿಯೇ ಬಾರದಿರುವುದು ಎಲ್ಲಕ್ಕಿಂತ ಸಾಮಾನ್ಯ ತೊಂದರೆ. ದೂರದ ಕಂಪ್ಯೂಟರಿಗೆ ಟರ್ಮಿನಲ್ (ಬರೀ ಅಕ್ಷರಗಳಲ್ಲಿ ಆಜ್ಞೆ ಕೊಡುವ ಪರದೆ) ಮೂಲಕ ಹೋಗಿ ಇಮ್ಯಾಕ್ಸ್ ತೆರೆದಿದ್ದರೆ, ಕಿಟಕಿಯನ್ನು ಎಲ್ಲಿ ತೋರಿಸಬೇಕು ಅನ್ನುವುದು ಏಜೆಂಟಿಗೆ ಗೊತ್ತಾಗದೆ ಕೈಚೆಲ್ಲುತ್ತದೆ. ಟರ್ಮಿನಲ್ ಯಾವುದೆಂದು ಅದಕ್ಕೆ ಮೊದಲೇ ತಿಳಿಸಬೇಕು, ಇಲ್ಲವೇ ‘ಲೂಪ್‌ಬ್ಯಾಕ್’ ಹಾಕಿ ಪಾಸ್‌ವರ್ಡನ್ನು ಇಮ್ಯಾಕ್ಸ್ ಒಳಗೇ ಕೇಳುವ ಹಾಗೆ ಮಾಡಬೇಕು. ಬೆಳಿಗ್ಗೆ ಪಾಸ್‌ವರ್ಡ್ ಇಲ್ಲದೆಯೇ ತೆರೆಯಿತು, ಮಧ್ಯಾಹ್ನ ಯಾಕೆ ಕೇಳುತ್ತಿದೆ ಅನ್ನುವವರೂ ಇದ್ದಾರೆ. ಏಜೆಂಟಿನ ನೆನಪು 600 ಸೆಕೆಂಡು. ನಡುನಡುವೆ ಬಳಸುತ್ತಿದ್ದರೆ ಮುಂದಕ್ಕೆ ಹೋಗುತ್ತದೆ, ಏನೇ ಆದರೂ 7200 ಸೆಕೆಂಡಿಗೆ ಮರೆತುಬಿಡುತ್ತದೆ. ಅದು ದೋಷವಲ್ಲ, ಆ ಮರೆವು ಬೇಕೆಂದೇ ಇಟ್ಟದ್ದು. 2023ರಲ್ಲಿ ಜಿಪಿಜಿ 2.4.1 ಬಂದಾಗ ಮಾತ್ರ ನಿಜವಾದ ದೋಷ ಕಾಣಿಸಿಕೊಂಡಿತು: ಗೂಢಲಿಪಿಯ ಕಡತ ಉಳಿಸಲು ಹೋದರೆ ಇಮ್ಯಾಕ್ಸ್ ಅಲ್ಲೇ ನಿಂತುಬಿಡುತ್ತಿತ್ತು. ಆಗಲೂ ಕೆಟ್ಟದ್ದು ಬೀಗವಲ್ಲ. ನೀನು ಮಾತಾಡು ಎಂದು ಅದು, ನೀನು ಮಾತಾಡು ಎಂದು ಇದು, ಎರಡೂ ಕಾಯುತ್ತ ಕೂತಿದ್ದವು.

ಇನ್ನೊಂದು ಬಗೆ ವಿಚಿತ್ರ. ಪರಿಚಿತರೊಬ್ಬರು ಆಫೀಸಿನ ಕಂಪ್ಯೂಟರಿನಲ್ಲಿ ತಿಂಗಳುಗಟ್ಟಲೆ ಟಿಪ್ಪಣಿ ಬರೆದು ಮುಚ್ಚಿದ್ದರು, ಒಂದು ದಿನವೂ ತೊಂದರೆಯಿಲ್ಲ. ತೆರೆದು ನೋಡಹೋದ ದಿನ ‘ನೋ ಸೀಕ್ರೆಟ್ ಕೀ’. ಬೀಗ ಹಾಕುವಾಗ ಸರಿಯಿದ್ದದ್ದು ತೆಗೆಯುವಾಗ ಕೆಟ್ಟದ್ದು ಹೇಗೆ ಎಂದು ಅವರಿಗೆ ಬಗೆಹರಿಯಲಿಲ್ಲ. ಇಲ್ಲಿ ಕನ್ನಡ ಪದಗಳೇ ಸ್ವಲ್ಪ ದಾರಿ ತಪ್ಪಿಸುತ್ತವೆ. ಸಾರ್ವಜನಿಕ ಕೀಲಿ, ಖಾಸಗಿ ಕೀಲಿ ಅನ್ನುತ್ತೇವಲ್ಲ, ಧಾರವಾಡದ ಕಡೆ ‘ಕೀಲಿ ಹಾಕು’ ಅಂದರೆ ಬೀಗ ಹಾಕು ಅಂತಲೇ ಅರ್ಥ. ಆ ಅರ್ಥವೇ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಸಾರ್ವಜನಿಕ ಕೀಲಿ ಅಂದರೆ ಒತ್ತಿದರೆ ಮುಚ್ಚಿಕೊಳ್ಳುವ ತೆರೆದ ಬೀಗ, ಊರಿಗೆಲ್ಲ ಹಂಚಬಹುದು. ಅದನ್ನು ತೆಗೆಯುವ ಬೀಗದ ಕೈ ಒಂದೇ, ಅದು ಖಾಸಗಿ ಕೀಲಿ. ಅವರ ಆಫೀಸಿನಲ್ಲಿದ್ದದ್ದು ತೆರೆದ ಬೀಗ ಮಾತ್ರ, ಕೈ ಮನೆಯಲ್ಲಿತ್ತು. ಯಾವ ಕೈ ಬೇಕು ಅನ್ನುವುದನ್ನು ಮುಚ್ಚಿದ ಟಿಪ್ಪಣಿಯೇ ಹೇಳುತ್ತದೆ. ಜಿಪಿಜಿಗೆ ‘ಲಿಸ್ಟ್-ಪ್ಯಾಕೆಟ್ಸ್’ ಎಂದು ಹೇಳಿ ಅದನ್ನು ಕೊಟ್ಟರೆ, ಮೊದಲ ತುಣುಕಿನಲ್ಲೇ 16 ಅಂಕಿ-ಅಕ್ಷರಗಳ ಕೀಲಿ ಗುರುತು ಕಾಣುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಅದೇ ಗುರುತು ಸಿಕ್ಕಿತು, ಟಿಪ್ಪಣಿಗಳೆಲ್ಲ ತೆರೆದವು. ಅವಧಿ ಮುಗಿದ ಕೀಲಿಯದು ಇದಕ್ಕೆ ತದ್ವಿರುದ್ಧ: ಹಳೆಯದನ್ನು ತೆರೆಯಲು ಅಡ್ಡಿಯಿಲ್ಲ, ಹೊಸದಾಗಿ ಮುಚ್ಚಲು ಬಿಡುವುದಿಲ್ಲ.

ನನ್ನ ಟಿಪ್ಪಣಿಗೆ ಇದ್ಯಾವುದೂ ಅನ್ವಯಿಸುತ್ತಿರಲಿಲ್ಲ. ನಾನು ಕೀಲಿಯ ಜೋಡಿ ಬಳಸಿರಲಿಲ್ಲ, ಬರೀ ಪಾಸ್‌ವರ್ಡ್. ಹಳೆಯ ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿ ಅಲ್ಲಿ ತೆರೆದೆ. ಒಂದೇ ಸಲಕ್ಕೆ ತೆರೆಯಿತು. ಉಳಿಸದೆ ಮುಚ್ಚಿ, ಎರಡೂ ಕಡತಗಳ ಹ್ಯಾಶ್ (ಕಡತದ ಬೆರಳಚ್ಚು ಅನ್ನಬಹುದಾದ ಸಂಖ್ಯೆ) ತೆಗೆದು ನೋಡಿದೆ, ಒಂದಕ್ಷರ ವ್ಯತ್ಯಾಸವಿಲ್ಲ. ಕಡತ ಅದೇ, ಪಾಸ್‌ವರ್ಡ್ ಅದೇ, ಕೂತವನೂ ನಾನೇ. ಇನ್ನು ಇಮ್ಯಾಕ್ಸ್ ಮೇಲೆ ಅನುಮಾನ. ಮುಚ್ಚಿದ ಭಾಗವನ್ನು ಮಾತ್ರ ಕತ್ತರಿಸಿ ಬೇರೆ ಕಡತದಲ್ಲಿಟ್ಟು, ಟರ್ಮಿನಲ್‌ನಲ್ಲಿ ನೇರವಾಗಿ ಜಿಪಿಜಿಗೇ ಕೊಟ್ಟೆ. ಐದು ಕೈಗಳಲ್ಲಿ ಎರಡು ಕಡಿಮೆಯಾದವು. ತೆರೆಯಲಿಲ್ಲ, ಆದರೆ ಈ ಸಲ ಬೈಗುಳ ಸ್ಪಷ್ಟವಾಗಿತ್ತು: ‘ಬ್ಯಾಡ್ ಸೆಷನ್ ಕೀ’, ಅಂದರೆ ಕೊಟ್ಟ ಪಾಸ್‌ವರ್ಡಿನಿಂದ ಬಂದ ಕೀಲಿ ಸರಿಯಿಲ್ಲ.

ಪಾಸ್‌ವರ್ಡ್ ತಪ್ಪು ಅನ್ನುವುದು ಜಿಪಿಜಿಗೆ ಗೊತ್ತಾಗುವುದಾದರೂ ಹೇಗೆ? ಸರಿಯಾದ ಪಾಸ್‌ವರ್ಡನ್ನು ಅದು ಎಲ್ಲೂ ಬರೆದಿಟ್ಟುಕೊಂಡಿಲ್ಲ. ಇಲ್ಲಿರುವ ಉಪಾಯ ನನಗೆ ತುಂಬ ಇಷ್ಟ. ಮುಚ್ಚುವಾಗ ಪಠ್ಯಕ್ಕೆ ಮೊದಲು 16 ಯಾದೃಚ್ಛಿಕ ಬೈಟ್‌ಗಳನ್ನು ಸೇರಿಸಿ, ಅವುಗಳ ಕೊನೆಯ ಎರಡನ್ನು ಇನ್ನೊಮ್ಮೆ ಬರೆಯುತ್ತಾರೆ, ಒಟ್ಟು 18. ಆಮೇಲೆ ಎಲ್ಲಕ್ಕೂ ಗೂಢಲಿಪಿ. ತೆರೆಯುವಾಗ 15, 16ನೇ ಬೈಟ್‌ಗಳೂ 17, 18ನೆಯವೂ ಒಂದೇ ಆಗಿವೆಯೇ ಎಂದು ನೋಡಿದರೆ ಸಾಕು. ಆಗಿರದಿದ್ದರೆ ಪಾಸ್‌ವರ್ಡ್ ತಪ್ಪು. ತಪ್ಪು ಪಾಸ್‌ವರ್ಡ್ ಆಕಸ್ಮಿಕವಾಗಿ ಇಲ್ಲಿ ದಾಟಿಹೋಗುವ ಸಂಭವ 65,536ರಲ್ಲಿ ಒಂದು, ಅದನ್ನು ಹಿಡಿಯಲು ಮುಂದೆ ಬೇರೆ ತಪಾಸಣೆ ಇದೆ. ಅಂದರೆ ನನ್ನ ಸಂದೇಶದ ಅರ್ಥ ಖಚಿತ: ಗಾದೆ ತಪ್ಪು. ಕಣ್ಣೆದುರು ಸರಿಯಾಗಿ ಕಾಣುತ್ತಿದ್ದ ಗಾದೆ ತಪ್ಪು.

ಆ ಗಾದೆ ಈಗ ಹೇಳಬಹುದು, ಬದಲಾಯಿಸಿದ್ದೇನೆ: ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’. ಪಾಸ್‌ವರ್ಡ್ ಆಗಿ ಇದು ದಡ್ಡತನವೇ. ಪಾಸ್‌ವರ್ಡನ್ನು ಕೀಲಿಯಾಗಿ ಅರೆಯುವ ಕೆಲಸಕ್ಕೆ ನಮ್ಮ ಕಂಪ್ಯೂಟರಿನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುವಂತೆ ಜಿಪಿಜಿ ಬೇಕೆಂದೇ ಲೆಕ್ಕ ಹಾಕಿ ನಿಧಾನ ಮಾಡುತ್ತದೆ. ಆದರೂ ಹತ್ತು ಸಾವಿರ ಗಾದೆಗಳ ಪಟ್ಟಿ ಇಟ್ಟುಕೊಂಡು ಅದೇ ಕಂಪ್ಯೂಟರಿನ ಮುಂದೆ ಕೂತವನಿಗೆ ಎಲ್ಲವನ್ನೂ ಪ್ರಯತ್ನಿಸಲು 17 ನಿಮಿಷ ಸಾಕು.

ದಡ್ಡತನದ ಮಾತು ಹಾಗಿರಲಿ, ಗಾದೆಯನ್ನು ಎರಡೂ ಯಂತ್ರಗಳಲ್ಲಿ ಖಾಲಿ ಪುಟದ ಮೇಲೆ ಟೈಪ್ ಮಾಡಿದೆ. ಇಮ್ಯಾಕ್ಸ್‌ನಲ್ಲಿ ಅಕ್ಷರದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಯು, ಕಂಟ್ರೋಲ್-ಎಕ್ಸ್, ಸಮಚಿಹ್ನೆ ಒತ್ತಿದರೆ ಆ ಅಕ್ಷರದ ಜಾತಕವೆಲ್ಲ ಬಿಚ್ಚಿಕೊಳ್ಳುತ್ತದೆ. ಹೊಸ ಯಂತ್ರದಲ್ಲಿ ‘ಬೇ’ ಎರಡು ಸಂಕೇತ: ಬ, ಅದಕ್ಕೆ ಏತ್ವ. ಹಳೆಯದರಲ್ಲಿ ಮೂರು: ಬ, ಎತ್ವ, ಮತ್ತೆ ಬೇರೆಯಾಗಿ ದೀರ್ಘದ ಚಿಹ್ನೆ. ಎರಡು ಯಂತ್ರಗಳಲ್ಲಿ ನಾನು ಹಾಕಿಕೊಂಡಿದ್ದ ಕನ್ನಡ ಕೀಲಿಮಣೆ ಬೇರೆಬೇರೆ. ಹಳೆಯದು ನಾವು ಕೈಯಲ್ಲಿ ಬರೆಯುವ ಹಾಗೆ ಎತ್ವ ಬರೆದು ದೀರ್ಘ ಎಳೆಯುತ್ತಿತ್ತು. ಅಕ್ಷರಗಳಿಗೆ ಸಂಕೇತ ಗೊತ್ತುಮಾಡುವ ಯೂನಿಕೋಡ್ ಎರಡನ್ನೂ ಸಮಾನ ಎಂದೇ ಹೇಳುತ್ತದೆ, ಪರದೆಯ ಮೇಲೆ ಕೂದಲೆಳೆಯಷ್ಟೂ ಭೇದವಿಲ್ಲ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಗಾದೆಯಲ್ಲಿ ಏತ್ವ ಮೂರು ಕಡೆ ಬರುತ್ತದೆ, ಬೇ, ಯೇ, ಮೇ. ಹೊಸ ಯಂತ್ರದಲ್ಲಿ ಜಾಗಗಳೂ ಸೇರಿ 69 ಬೈಟ್, ಹಳೆಯದರಲ್ಲಿ 78. ಜಿಪಿಜಿ ಓದುವುದು ಗಾದೆಯನ್ನಲ್ಲ, ಬೈಟ್‌ಗಳನ್ನು. ಸಮಾನವೋ ಅಲ್ಲವೋ ಎಂದು ಅದು ವಿಚಾರಿಸುವುದಿಲ್ಲ, ಅರೆಯುತ್ತದೆ. ಒಂದು ಬೈಟ್ ಬೇರೆಯಾದರೂ ಹೊರಬರುವ ಕೀಲಿಗೂ ಹಳೆಯದಕ್ಕೂ ಯಾವ ನೆಂಟಸ್ತಿಕೆಯೂ ಉಳಿಯುವುದಿಲ್ಲ. ಕನ್ನಡದಲ್ಲಿ ಪಾಸ್‌ವರ್ಡ್ ಇಡುವವರಿಗೆ ಇನ್ನೊಂದು ಗುಂಡಿಯೂ ಇದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಒತ್ತು ಕೂಡಿಕೊಳ್ಳದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವಲ್ಲ, ಅದಕ್ಕೂ ಮೂರು ಬೈಟ್. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಚುಕ್ಕಿಗಳಷ್ಟೇ ಕಾಣುವಾಗ ಅದು ಇತ್ತೋ ಇಲ್ಲವೋ ಯಾರು ಬಲ್ಲರು.

ಖಾಲಿ ಪುಟದಲ್ಲಿ ಮೂರು ಏತ್ವಗಳನ್ನೂ ಒಡೆದು ಎತ್ವ, ದೀರ್ಘ ಎಂದು ಬರೆದು, ನಕಲಿಸಿ ಪಾಸ್‌ವರ್ಡ್ ಜಾಗದಲ್ಲಿ ಅಂಟಿಸಿದೆ. ತೆರೆಯಿತು. ರಾತ್ರಿ ಒಂದೂವರೆ ಗಂಟೆ.

ಮಲಗುವ ಮುಂಚೆ ಹಳೆಯ ಯಂತ್ರದ ಕಡತಗಳನ್ನು ಅಳಿಸಿಬಿಡೋಣ ಎಂದು ಪಟ್ಟಿ ತೆರೆದೆ. ‘ಮನೆ’ ಕಡತದ ಪಕ್ಕದಲ್ಲೇ ಅದೇ ಹೆಸರಿನದು ಇನ್ನೊಂದಿತ್ತು, ಹೆಸರಿನ ಎರಡೂ ತುದಿಗೆ ಹ್ಯಾಶ್ ಗುರುತು (#). ಕರೆಂಟು ಹೋದರೆ ಬರೆದದ್ದು ಹಾಳಾಗದಿರಲಿ ಎಂದು ಇಮ್ಯಾಕ್ಸ್ ಪ್ರತಿ 300 ಕೀಲಿ ಒತ್ತಿಗೊಮ್ಮೆ, ಅಥವಾ 30 ಸೆಕೆಂಡು ಕೈ ಆಡದಿದ್ದರೆ, ತೆರೆದಿರುವ ಪಠ್ಯವನ್ನು ಹೀಗೆ ತಾನಾಗಿಯೇ ಬರೆದಿಡುತ್ತದೆ. ಕಡತ ಉಳಿಸಿದ ಕೂಡಲೇ ಅದನ್ನು ಅಳಿಸುತ್ತದೆ. ಮುಚ್ಚಿದ ಟಿಪ್ಪಣಿ ತೆರೆದಾಗ ಈ ತಾನಾಗಿ ಉಳಿಸುವುದನ್ನು ನಿಲ್ಲಿಸಲೇ ಎಂದು ಆರ್ಗ್-ಕ್ರಿಪ್ಟ್ ಕೇಳುತ್ತದೆ. ದಿನಾ ಕೇಳುತ್ತದಲ್ಲ ಎಂದು ಬೇಸತ್ತು ಆ ಪ್ರಶ್ನೆಯನ್ನು ನಾನೇ ಎಂದೋ ಬಾಯಿ ಮುಚ್ಚಿಸಿದ್ದೆ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತ ದಿನ ಲಾಕರ್ ಟಿಪ್ಪಣಿ ತೆರೆದೇ ಇತ್ತು, ಕಡತ ಉಳಿಸಿರಲಿಲ್ಲ. ಹ್ಯಾಶ್ ಗುರುತಿನ ಕಡತ ತೆರೆದೆ. ಬ್ಯಾಂಕಿನ ಶಾಖೆ, ಲಾಕರ್ ಸಂಖ್ಯೆ, ಒಳಗಿರುವ ಒಡವೆಗಳ ಪಟ್ಟಿ, ತೂಕದ ಸಮೇತ, ಅಚ್ಚ ಕನ್ನಡದಲ್ಲಿ.