ಗುಂಪು ಫೋನಿನಲ್ಲಿ, ಹೂಳು ಕೆರೆಯಲ್ಲಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೆರೆ ಕೆಲಸಕ್ಕೆ ಜನ ಸೇರಿಸುವುದು ಹೊಸ ವಿದ್ಯೆಯೇನಲ್ಲ. ತಮಟೆ ಬಡಿಸಿ ಟಾಂಟಾಂ ಹಾಕಿಸಿದರೆ ಮನೆಗೊಂದಾಳು ಗುದ್ದಲಿ ಹಿಡಿದು ಹೊರಡುತ್ತಿತ್ತು. ತೂಬು ಎತ್ತುವುದು, ಇಳಿಸುವುದು ನೀರಗಂಟಿಯ ಪಾಲಿನ ಕೆಲಸ. ಕೊಳವೆಬಾವಿ ಬಂದು ಅಚ್ಚುಕಟ್ಟಿನ ರೈತನಿಗೆ ಕೆರೆಯ ಹಂಗು ತಪ್ಪಿದ ಮೇಲೆ ಈ ಏರ್ಪಾಟು ಸಡಿಲವಾಯಿತು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಕೋಲಾರ, ತುಮಕೂರು ಸೇರಿದಂತೆ ಒಂಬತ್ತು ಜಿಲ್ಲೆಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟುವ ಕೆಲಸ ಶುರುವಾಯಿತು. ಎಷ್ಟೋ ಸಂಘಗಳು ಹೆಸರಿಗಷ್ಟೇ ಉಳಿದವು, ನಿಜ. ಆದರೂ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸುವ ರೂಢಿ ಈಗಿನ ಸ್ವಯಂಸೇವಾ ಸಂಸ್ಥೆಗಳಿಗೂ ಬೇಕು.

ತಮಟೆಯ ಜಾಗಕ್ಕೆ ಫೋನು ಬಂದರೂ ಎಸ್ಸೆಮ್ಮೆಸ್ ಕಾಲದಲ್ಲಿ ಎಷ್ಟೋ ಫೋನುಗಳಲ್ಲಿ ಕನ್ನಡ ಅಕ್ಷರ ಬರಿ ಡಬ್ಬಿಯಾಗಿ ಕಾಣುತ್ತಿತ್ತು. ಸಾಲದೆಂಬಂತೆ 2011ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಒಂದು ಸಿಮ್‌ನಿಂದ ದಿನಕ್ಕೆ 100 ಸಂದೇಶ, ಆಮೇಲೆ 200 ಎಂದು ಮಿತಿ ಹಾಕಿತು. ಬದಲಾವಣೆ ಕಂಡದ್ದು 2016ರಲ್ಲಿ. ವಾಟ್ಸ್‌ಆ್ಯಪ್ ಗುಂಪಿನ ಮಿತಿ 100ರಿಂದ 256ಕ್ಕೆ ಏರಿತು, ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿಗಾಗಿ ಚಿಕ್ಕಬಳ್ಳಾಪುರದಿಂದ ಬೆಂಗಳೂರಿನತ್ತ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ಹೊರಟಿದ್ದವು. ಸಂದೇಶವೇನೋ ಫೋನಿನಲ್ಲಿ ಹೋಗಬಹುದು, ಡೀಸೆಲ್ ಯಾರು ಹಾಕಿಸಬೇಕು ಎಂಬುದು ಊರ ಕಟ್ಟೆಯ ಮೇಲೆಯೇ ತೀರ್ಮಾನವಾಗಬೇಕು.

ಇನ್ನೊಂದು ಪಾಠ 2018ರದ್ದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಜುಲೈನಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆ ನೀಡಿತು. ಇಂಥ ಹೊತ್ತಿನಲ್ಲಿ ನೊರೆಯ ಫೋಟೊ, ವಿಡಿಯೊ ಗುಂಪಿನಿಂದ ಗುಂಪಿಗೆ ಹಾರುತ್ತದೆ, ಆದರೆ ಅದು ಯಾವ ಕೆರೆಯದು, ಎಂದಿನದು ಎಂಬುದಕ್ಕೆ ದಾಖಲೆ ಇರುವುದಿಲ್ಲ. ಕಾರಣ ಸಣ್ಣದು: ಫೋಟೊವನ್ನು ಫೋಟೊ ಆಗಿಯೇ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ, ತೆಗೆದ ಜಾಗ, ಹೊತ್ತಿನ ವಿವರ ಕಳಚಿಹೋಗುತ್ತದೆ. ‘ಡಾಕ್ಯುಮೆಂಟ್’ ಆರಿಸಿ ಕಳಿಸಿದರೆ ಮೂಲ ಕಡತವೇ ತಲುಪುತ್ತದೆ. ಪಂಚಾಯ್ತಿಯವರು ಕೇಳುವ ‘ಜಿಪಿಎಸ್ ಫೋಟೊ’ ಆದರೆ ಇನ್ನೂ ಒಳ್ಳೆಯದು, ದಿನಾಂಕ, ಅಕ್ಷಾಂಶ, ರೇಖಾಂಶ ಚಿತ್ರದ ಮೇಲೆಯೇ ಅಚ್ಚಾಗಿರುತ್ತದೆ. ಪ್ರತಿ ತಿಂಗಳು ಒಂದೇ ಜಾಗದಲ್ಲಿ ನಿಂತು, ತೂಬಿನ ಕಲ್ಲು ಕಾಣುವಂತೆ ತೆಗೆದರೆ ನೀರು ಎಷ್ಟು ಏರಿತು, ಇಳಿಯಿತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಗಾಳಿಸುದ್ದಿಯ ಹಾವಳಿಯಿಂದಾಗಿ ಅದೇ ಜುಲೈನಲ್ಲಿ ಭಾರತದಲ್ಲಿ ಫಾರ್ವರ್ಡ್ ಐದಕ್ಕೆ ಸೀಮಿತವಾಯಿತು. ಅಡ್ಮಿನ್‌ಗಳಷ್ಟೇ ಬರೆಯುವ ಗುಂಪಿನ ಸೌಲಭ್ಯ ಬಂದದ್ದೂ ಆ ಸುಮಾರಿಗೆ. ಸಂಘಸಂಸ್ಥೆಗಳಿಗೆ ಇದಕ್ಕಿಂತ ಉಪಯೋಗದ್ದು ಬೇರೆ ಬಂದಿಲ್ಲ ಎನ್ನಬೇಕು. ಸೂಚನೆಗೆ ಅಂಥದ್ದೊಂದು ಗುಂಪು, ಕೆಲಸ ಹಂಚಿಕೊಳ್ಳಲು ಹದಿನೈದಿಪ್ಪತ್ತು ಜನರ ಇನ್ನೊಂದು. ಗುಡ್ ಮಾರ್ನಿಂಗ್ ಹೂವುಗಳೂ ಚುನಾವಣೆಯ ಜಗಳಗಳೂ ಮೊದಲನೆಯದಕ್ಕೆ ನುಗ್ಗಲಾರವು. ಅಡ್ಮಿನ್ ಒಬ್ಬರೇ ಇರಬಾರದು, ಮೂವರಿರಲಿ.

ಭಾನುವಾರದ ಶ್ರಮದಾನಕ್ಕೆ ಗುರುವಾರ ಸಂಜೆ ಸಂದೇಶ, ಶನಿವಾರ ಸಂಜೆ ಧ್ವನಿ ಸಂದೇಶ ಹಾಕುವುದು ವಾಡಿಕೆ. ಮುಳಬಾಗಿಲು, ಬಾಗೇಪಲ್ಲಿ ಕಡೆ ಅದು ತೆಲುಗಿನಲ್ಲೂ ಇದ್ದರೆ ಓದಲು ಬಾರದ ಹಿರಿಯರಿಗೂ ತಲುಪುತ್ತದೆ. ಸಂದೇಶಕ್ಕೆ ಹೆಬ್ಬೆರಳಿನ ಚಿಹ್ನೆ ಒತ್ತಿದವರನ್ನೆಲ್ಲ ಆಳಿನ ಲೆಕ್ಕಕ್ಕೆ ಹಿಡಿದರೆ ಕೆಟ್ಟಿತು. ‘ಯಾರು ಬರ್ತೀರಿ’ ಅನ್ನುವ ಬದಲು ‘ಯಾರು ಏನು ತರ್ತೀರಿ’ ಎಂದು ಕೇಳಬೇಕು. ಇಪ್ಪತ್ತು ಜನಕ್ಕೆ ಆರು ಗುದ್ದಲಿ, ಆರು ಸಲಿಕೆ, ಹತ್ತು ಬಾಂಡ್ಲಿ, ಎರಡು ಹಾರೆ, ನಾಲ್ಕು ಮಚ್ಚು ಸಾಕು. ಹೆಸರಿನ ಮುಂದೆ ಸಾಮಾನು ಬರೆದವರು ಸಾಮಾನ್ಯವಾಗಿ ತಪ್ಪಿಸಿಕೊಳ್ಳುವುದಿಲ್ಲ. ಕೆರೆಯಂಗಳದಲ್ಲಿ ಹಬ್ಬುವ ಸೀಮೆಜಾಲಿ ಗಿಡ ಮಾತ್ರ ಮಚ್ಚಿಗೆ ಬಗ್ಗುವುದಲ್ಲ: ಬುಡ ಉಳಿಸಿ ಕಡಿದರೆ ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ, ಬೇರುಸಹಿತ ಕೀಳಲು ಜೆಸಿಬಿ ಬೇಕು. ಅದಕ್ಕೂ ಹೂಳೆತ್ತುವುದಕ್ಕೂ ಮುಂಚೆ ಲಿಖಿತ ಅನುಮತಿ ಇರಬೇಕು. ಅಚ್ಚುಕಟ್ಟು 40 ಹೆಕ್ಟೇರ್ ದಾಟಿದ ಕೆರೆಯಾದರೆ ಸಣ್ಣ ನೀರಾವರಿ ಇಲಾಖೆಯ ಬಾಗಿಲು ತಟ್ಟಬೇಕು. ಏರಿಯ ಬುಡವನ್ನಂತೂ ಯಾರು ಹೇಳಿದರೂ ಅಗೆಯಬಾರದು, ಏರಿ ಕುಸಿಯುತ್ತದೆ.

ಫೋನು ತಲುಪದ ಜನ ಬಹಳ. ಮನೆಯ ಒಂದೇ ಸ್ಮಾರ್ಟ್‌ಫೋನು ಮಗನ ಜೇಬಿನಲ್ಲಿದ್ದರೆ ತಾಯಿಗೆ ಸುದ್ದಿಯೇ ಇಲ್ಲ. ಈ ಸೀಮೆಗೆ ಅದಕ್ಕೊಂದು ಸಿದ್ಧ ಉಪಾಯವಿದೆ: ಹಾಲಿನ ಡೇರಿ. ಬೆಳಿಗ್ಗೆ, ಸಂಜೆ ಕ್ಯಾನು ಹಿಡಿದು ಊರಿನ ಬಹುಪಾಲು ಮನೆಯವರು ಅಲ್ಲಿಗೆ ಬರುತ್ತಾರೆ. ಗುಂಪಿಗೆ ಹಾಕಿದ ಸೂಚನೆಯನ್ನೇ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು, ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಓದಿಸಬೇಕು. ಅಲ್ಲಿ ಬಂದ ಆಕ್ಷೇಪ ಅಂದೇ ಫೋನಿನ ಗುಂಪಿಗೂ ಹೋಗಬೇಕು.

ಸಂಘ ಒಡೆಯುವುದು ಹೆಚ್ಚಾಗಿ ದುಡ್ಡಿನಲ್ಲಿ. ಜೆಸಿಬಿ ಬಾಡಿಗೆಗೆಂದು ಕಾರ್ಯದರ್ಶಿಯ ಸ್ವಂತ ನಂಬರಿಗೆ ಯುಪಿಐ ಮಾಡಿಸಿದರೆ, ಲೆಕ್ಕ ಸರಿಯಿದ್ದರೂ ಮಾತು ಬರುತ್ತದೆ. ಏಳು ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಬಹುದು; ಇಬ್ಬರ ಸಹಿಯ ಬ್ಯಾಂಕ್ ಖಾತೆ ತೆರೆದು ಕ್ಯೂಆರ್ ಕೋಡ್ ಅದಕ್ಕೇ ಮಾಡಿಸಬೇಕು. ದೇಣಿಗೆಗೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ (80ಜಿ) ಸಂಘಕ್ಕೆ ಇದ್ದರೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ ಎಂದು ದಾನಿಗಳಿಗೆ ಮೊದಲೇ ತಿಳಿಸಬೇಕು. ಜೆಸಿಬಿ ಎಷ್ಟು ಗಂಟೆ ಓಡಿತು, ಎಷ್ಟು ಲೋಡು ಮಣ್ಣು ಯಾರ ಹೊಲಕ್ಕೆ ಹೋಯಿತು ಎಂಬ ಚೀಟಿಯ ಫೋಟೊ ಅಂದು ಸಂಜೆಯೇ ಗುಂಪಿನಲ್ಲಿರಲಿ, ಮೂಲ ಚೀಟಿ ನಡಾವಳಿ ಪುಸ್ತಕಕ್ಕೆ ಅಂಟಲಿ.