ಡ್ರಗ್ ಟೆಸ್ಟ್‌ಗೆ ಮೊದಲು ಮಾತ್ರೆ ನಿಲ್ಲಿಸಬೇಕೇ?

ಮಂಗಳೂರಿನ ಹಂಪನಕಟ್ಟೆಯ ನಮ್ಮ ಲ್ಯಾಬಿನ ಕೌಂಟರಿನಲ್ಲಿ ಈ ಪ್ರಶ್ನೆ ಕೇಳದ ವಾರವಿಲ್ಲ: “ಮಗನಿಗೆ ಹಡಗಿನ ಕೆಲಸ ಸಿಕ್ಕಿದೆ, ಸೋಮವಾರ ಮೆಡಿಕಲ್. ಶೀತಕ್ಕೆ ಮಾತ್ರೆ ತಿನ್ನುತ್ತಿದ್ದಾನೆ. ಎರಡು ದಿನ ಮಾತ್ರೆ ಬಿಟ್ಟು ನಾಲ್ಕು ಬೊಂಡ (ಎಳನೀರು) ಕುಡಿದರೆ ಎಲ್ಲ ತೊಳೆದುಹೋಗುತ್ತದಲ್ಲ?”

ಡಾಕ್ಟರು ಬರೆದ ಮಾತ್ರೆಯಿಂದ ತಪ್ಪು ಪಾಸಿಟಿವ್ ಬರುವುದುಂಟು. ಮೆಡಿಕಲ್‌ನಲ್ಲಿ ಮೂತ್ರದಲ್ಲಿ ಡ್ರಗ್ ಇದೆಯೇ ಎಂದು ಮೊದಲು ಒಂದು ಸಣ್ಣ ಪಟ್ಟಿಯಲ್ಲಿ (ಸ್ಟ್ರಿಪ್) ನೋಡುತ್ತಾರೆ. ಆ ಪಟ್ಟಿಯಲ್ಲಿರುವ ಪ್ರತಿಕಾಯ, ಅಂದರೆ ಡ್ರಗ್ಗಿಗೆ ಅಂಟಿಕೊಳ್ಳುವ ಪ್ರೋಟೀನು, ಅಣುವಿನ ಆಕಾರವನ್ನಷ್ಟೇ ಗುರುತಿಸುತ್ತದೆ. ಶೀತದ ಮಾತ್ರೆಯ ಸ್ಯೂಡೋಎಫೆಡ್ರಿನ್, ಬಿಪಿಯ ಲ್ಯಾಬೆಟಲಾಲ್ ಎರಡೂ ಅದಕ್ಕೆ ಆಂಫೆಟಮಿನ್ ಎಂಬ ಮಾದಕ ವಸ್ತುವಿನಂತೆ ಕಾಣಬಹುದು. ಲಿವೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್, ಟಿಬಿಯ ರಿಫಾಂಪಿಸಿನ್ ಅಫೀಮಿನಂತೆ ಕಾಣಬಹುದು.

ಆದರೆ ಆ ಬೊಂಡದ ಮಾತು ಬಿಡಿ ಮಾರಾಯ್ರೆ, ಎಷ್ಟು ಸಲ ಹೇಳುವುದು! ನೀರು ಹೆಚ್ಚಾದರೆ ಮೂತ್ರ ತೆಳುವಾಗುತ್ತದೆ, ಅಷ್ಟೇ. ಲ್ಯಾಬು ಮೂತ್ರದಲ್ಲಿ ಸಹಜವಾಗಿ ಇರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನೂ ನೋಡುತ್ತದೆ. 100 ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಮೂತ್ರವನ್ನು ನೀರು ಮಾಡಿದ್ದಾರೆಂಬ ಅನುಮಾನ. ಏನೂ ತಪ್ಪು ಮಾಡದ ಹುಡುಗ ಕಳ್ಳನಂತೆ ಮತ್ತೊಮ್ಮೆ ಸ್ಯಾಂಪಲ್ ಕೊಡಬೇಕು. ಮಾತ್ರೆ ನಿಲ್ಲಿಸುವುದಂತೂ ಇನ್ನೂ ಕೆಟ್ಟದ್ದು. ಲ್ಯಾಬೆಟಲಾಲ್ ತಟಕ್ಕನೆ ಬಿಟ್ಟರೆ ಬಿಪಿ ಏರಬಹುದು. ಟಿಬಿ ಮಾತ್ರೆ ನಡುವೆ ಬಿಟ್ಟರೆ ರೋಗ ಔಷಧಿಗೇ ಬಗ್ಗದಂತಾಗಬಹುದು. ಒಂದು ಕೆಲಸಕ್ಕಾಗಿ ಇಷ್ಟು ದೊಡ್ಡ ಅಪಾಯವೇ?

ಡಾಕ್ಟರ ಚೀಟಿ, ಮಾತ್ರೆಯ ಶೀಟು ಎರಡನ್ನೂ ಹಿಡಿದುಕೊಂಡು ಹೋಗಿ, ಸ್ಯಾಂಪಲ್ ಕೊಡುವ ಮೊದಲೇ ಹೇಳಿ, ಬರೆಸಿ. ಪಟ್ಟಿಯನ್ನು ನೀವೇ ನೋಡಿ ಗಾಬರಿಯಾಗಬೇಡಿ. ಇದು ಬಸಿರು ನೋಡುವ ಪಟ್ಟಿಯಂತಲ್ಲ. ಇಲ್ಲಿ ಸಿ ಗೆರೆಯ (ಪಟ್ಟಿ ಸರಿಯಿದೆ ಎಂದು ತೋರಿಸುವುದು) ಜೊತೆ ಟಿ ಗೆರೆಯೂ (ಡ್ರಗ್ ನೋಡುವುದು) ಮೂಡಿದರೆ ನೆಗೆಟಿವ್. ಮಸುಕಾಗಿದ್ದರೂ ನೆಗೆಟಿವ್. ಟಿ ಗೆರೆ ಬಾರದಿದ್ದರೆ ಮಾತ್ರ ಸಂಶಯ, ಅದೂ ಬರೀ ಸಂಶಯ. ಆಗ ಜಿಸಿ-ಎಂಎಸ್ ಎಂಬ ದೊಡ್ಡ ಯಂತ್ರದ ಖಚಿತ ಪರೀಕ್ಷೆ ಕೇಳಿ ಪಡೆಯಿರಿ. ಅದು ಅಣುವನ್ನು ಒಡೆದು, ತುಣುಕುಗಳನ್ನು ತೂಗಿ ನೋಡುವುದರಿಂದ ಸ್ಯೂಡೋಎಫೆಡ್ರಿನ್ ಬೇರೆ, ಆಂಫೆಟಮಿನ್ ಬೇರೆ ಎಂದು ಸ್ಪಷ್ಟವಾಗಿ ತೋರಿಸುತ್ತದೆ. ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನ ಕಥೆ ಬೇರೆ. ಅದರ ಒಂದು ಪಾಲು ಮೈಯೊಳಗೆ ಅಫೀಮಿನಲ್ಲಿರುವ ಮಾರ್ಫಿನ್ನೇ ಆಗುವುದರಿಂದ ದೊಡ್ಡ ಪರೀಕ್ಷೆಯಲ್ಲೂ ಸಿಕ್ಕುತ್ತದೆ. ಅಲ್ಲಿ ನಿಮ್ಮನ್ನು ಕಾಯುವುದು ಚೀಟಿಯೊಂದೇ.

ಮಾರ್ಫಿನ್ ಅಂದಾಗ ನೆನಪಾಯಿತು, ನಮ್ಮ ಗಸಗಸೆ ಪಾಯಸ. ಬೀಜದ ಮೇಲೆ ಅಫೀಮು ಗಿಡದ ಹಾಲು ಅಂಟಿರುತ್ತದೆ. ಮೂತ್ರದಲ್ಲಿ ಬರುವುದು ನಿಜವಾದ ಮಾರ್ಫಿನ್. ಇದೇ ತೊಂದರೆಗಾಗಿ ಅಮೆರಿಕದ ಸರ್ಕಾರಿ ಪರೀಕ್ಷೆಗಳಲ್ಲಿ ಅಫೀಮಿನ ಮಿತಿಯನ್ನು 1998ರಲ್ಲಿ ಮಿಲಿಲೀಟರಿಗೆ 300ರಿಂದ 2000 ನ್ಯಾನೋಗ್ರಾಂಗೆ ಏರಿಸಿದರು. ಹಾಗಾಗಿ ಬೀಳ್ಕೊಡುಗೆಯ ಊಟದಲ್ಲಿ ಪಾಯಸ ಮಾಡುವುದಿದ್ದರೆ ಮೆಡಿಕಲ್ ಮುಗಿದ ಮೇಲೆ ಮಾಡಿ. ದುಬೈಗೆ ಹೊರಟವರ ಪೆಟ್ಟಿಗೆಯಲ್ಲಿ ಮಾತ್ರ ಗಸಗಸೆಯ ಪೊಟ್ಟಣ ಇಡಲೇಬೇಡಿ, ಅಲ್ಲಿ ಅದು ನಿಷೇಧಿತ ವಸ್ತು.